ಸ್ಪೀಕರಿನ ಮೇಲೆ ಎರಡು ಬೆರಳು

ಹೊನ್ನಾವರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಏಳರಿಂದ ಏಳೂವರೆವರೆಗೆ ಮಿಕ್ಸಿ ಹಾಕುವಂತಿರಲಿಲ್ಲ. ಹಾಕಿದರೆ ಅಪ್ಪನ ರಿಸೀವರಿನಲ್ಲಿ ಕರಕರ ಸದ್ದು ಬರುತ್ತಿತ್ತು. ಹಾಗಾಗಿ ದೋಸೆಯ ಚಟ್ನಿ ಒಂದೋ ಏಳಕ್ಕೆ ಮೊದಲು ಆಗಬೇಕು, ಇಲ್ಲ ಏಳೂವರೆಯ ಮೇಲೆ. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಎಂದು ನಾನು ತುಂಬ ದಿನ ತಿಳಿದಿದ್ದೆ.

ಅಪ್ಪ ಕರ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿದ್ದು ನಿವೃತ್ತರಾದವರು. ಅವರಿಗೆ ಹವ್ಯಾಸಿ ರೇಡಿಯೋದ ಲೈಸೆನ್ಸ್ ಇತ್ತು. ಸರ್ಕಾರದ ಪರೀಕ್ಷೆ ಪಾಸಾದವರಿಗೆ ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ಅಂಥದೇ ಲೈಸೆನ್ಸ್ ಇರುವ ಬೇರೆಯವರೊಡನೆ ಮಾತಾಡಲು ಕೊಡುವ ಅನುಮತಿ ಅದು. ಬಾಯಲ್ಲೂ ಮಾತಾಡಬಹುದು, ಟೆಲಿಗ್ರಾಫಿನ ಚುಕ್ಕೆ ಗೆರೆಗಳಲ್ಲೂ ಮಾತಾಡಬಹುದು. ಅಪ್ಪ ಚುಕ್ಕೆ ಗೆರೆಯವರು. ಮೈಕ್ ಮುಟ್ಟಿದ್ದನ್ನು ನಾನು ನೋಡಿಲ್ಲ.

ರಿಸೀವರ್ ಎರಡನೇ ಮಹಾಯುದ್ಧದ ಕಾಲದ್ದು. ಸೈನ್ಯದವರು ಬೇಡವೆಂದು ಹರಾಜಿಗೆ ಹಾಕಿದ್ದನ್ನು ಮುಂಬಯಿಯ ಗುಜರಿಯವನೊಬ್ಬ ಹಿಡಿದಿದ್ದ. ಅವನಿಂದ ಅಪ್ಪನ ಕೈಗೆ ಬಂತು. ಕಪ್ಪು ಕಬ್ಬಿಣದ ಪೆಟ್ಟಿಗೆ, ಎತ್ತಲು ಇಬ್ಬರು ಬೇಕು. ಮುಂದೆ ಅರ್ಧಚಂದ್ರದ ಗಾಜು, ಅದರ ಹಿಂದೆ ಹಳದಿ ದೀಪ. ಹಾಕಿದ ಕೂಡಲೇ ಏನೂ ಕೇಳಿಸದು. ಒಳಗಿನ ಗಾಜಿನ ವಾಲ್ವುಗಳು ಬಿಸಿಯಾಗುವವರೆಗೆ ಕಾಯಬೇಕು. ಬಿಸಿಯಾದ ಧೂಳಿನ ವಾಸನೆ ಬಂದ ಮೇಲೆ ಮೆಲ್ಲಗೆ ಗಾಳಿಯ ಸದ್ದು ಏಳುತ್ತಿತ್ತು. ಅದಕ್ಕೆ ಸ್ಪೀಕರ್ ಇರಲಿಲ್ಲ. ಹಳೆಯ ವಾಲ್ವ್ ರೇಡಿಯೋದಿಂದ ಬಿಚ್ಚಿದ, ಊಟದ ತಟ್ಟೆಯಷ್ಟು ಅಗಲದ ಸ್ಪೀಕರನ್ನು ಅಪ್ಪ ಹಲಸಿನ ಹಲಗೆಯ ಪೆಟ್ಟಿಗೆಗೆ ಕೂರಿಸಿ ಪಕ್ಕದಲ್ಲಿಟ್ಟಿದ್ದರು.

ಟ್ರಾನ್ಸ್‌ಮಿಟರ್ ಅಪ್ಪನೇ ಮಾಡಿದ್ದು. ಅಲ್ಯೂಮಿನಿಯಂ ತಗಡು ಬಗ್ಗಿಸಿ, ಕೊರೆದು, ಅದರ ಮೇಲೆ ಒಂದು ದೊಡ್ಡ ವಾಲ್ವ್, ಎರಡು ಚಿಕ್ಕವು. ತಾಮ್ರದ ತಂತಿಯ ಸುರುಳಿಗಳನ್ನು ನೀರಿನ ಪೈಪಿನ ತುಂಡಿಗೆ ಸುತ್ತಿದ್ದರು. ದೊಡ್ಡ ವಾಲ್ವಿನ ತಲೆಗೆ ಆರುನೂರು ವೋಲ್ಟ್ ಹೋಗುತ್ತಿತ್ತು, ಅದಕ್ಕೆ ಮುಚ್ಚಳ ಇರಲಿಲ್ಲ. ನನಗೆ ನಡೆಯಲು ಬರುವ ಮೊದಲೇ ಆ ಮೇಜನ್ನು ಮುಟ್ಟಬಾರದೆಂದು ಗೊತ್ತಿತ್ತು ಎಂದು ಅಮ್ಮ ಹೇಳುತ್ತಾಳೆ. ಅಪ್ಪ ಚುಕ್ಕೆ ಗೆರೆ ಕಳಿಸುವ ಕೀ ಒತ್ತಿದಾಗ ಮೀಟರಿನ ಮುಳ್ಳು ಎದ್ದು, ಗುಂಡಿ ತಿರುಗಿಸಿದಂತೆ ಇಳಿದು, ಒಂದು ಕಡೆ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಕರೆಂಟು ಸಣ್ಣಗಾಗಿ ಮುಳ್ಳು ಏಳುತ್ತಲೇ ಇರಲಿಲ್ಲ. ಗುಡುಗಿದರೆ ಏರಿಯಲಿನ ತುದಿಯನ್ನು ಕಿತ್ತು ಕಿಟಕಿಯ ಹೊರಗೆ ಒಂದು ಖಾಲಿ ಗಾಜಿನ ಬಾಟಲಿಯೊಳಗೆ ಇಳಿಬಿಡುತ್ತಿದ್ದರು. ಏರಿಯಲ್ ಎಂದರೆ ಎರಡು ತೆಂಗಿನ ಮರಗಳ ನಡುವೆ ಕಟ್ಟಿದ ತಾಮ್ರದ ತಂತಿ. ಉಪ್ಪುಗಾಳಿಗೆ ಹಸಿರು ಹಿಡಿಯುತ್ತಿತ್ತು. ತೆಂಗಿನಕಾಯಿ ಕೊಯ್ಯಲು ಬರುವವನಿಗೆ ಕಾಯಿಗಿಂತ ಆ ತಂತಿಯ ಮೇಲೇ ಹೆಚ್ಚು ಗಮನ ಇಡಬೇಕಾಗಿತ್ತು.

ನಾನು ಎಂಟನೇ ತರಗತಿಯಿಂದ ದಿನಚರಿ ಬರೆಯುತ್ತೇನೆ. ಮನಸ್ಸಿಗೆ ಏನಾಯಿತು ಎಂಬುದನ್ನು ಅದರಲ್ಲಿ ಬರೆದದ್ದು ಕಡಿಮೆ. ಮಳೆ ಬಂತೋ ಇಲ್ಲವೋ, ಕರೆಂಟು ಎಷ್ಟು ಸಲ ಹೋಯಿತು, ಅಪ್ಪನಿಗೆ ಆ ಬೆಳಿಗ್ಗೆ ಎಷ್ಟು ಸ್ಟೇಷನ್ ಸಿಕ್ಕವು, ಇಷ್ಟು. ಸ್ಟೇಷನ್ನಿಗೆ ಒಂದು ಗೆರೆ, ಐದನೆಯದು ಅಡ್ಡಗೆರೆ. ಆ ಮೇಜಿನ ಬಳಿ ಕೂತು ಓದಿ ಬೆಳೆದದ್ದರಿಂದ ಚುಕ್ಕೆ ಗೆರೆಯ ಭಾಷೆ ನನಗೆ ಕಲಿಯದೆಯೇ ಬಂತು. ಲೈಸೆನ್ಸಿನ ಪರೀಕ್ಷೆಗೆ ಮಾತ್ರ ಕೂರಲಿಲ್ಲ. ಮಂಗಳೂರಿಗೆ ಹೋಗಬೇಕಿತ್ತು, ಪ್ರತಿ ವರ್ಷ ಏನೋ ಅಡ್ಡ ಬರುತ್ತಿತ್ತು. ಲೈಸೆನ್ಸ್ ಇಲ್ಲದವರು ಕೇಳಬಹುದು, ಕೀ ಮುಟ್ಟುವಂತಿಲ್ಲ.

ಏಳು ಗಂಟೆಯದು ಅಪ್ಪನ ಪಾಠ. ಕೆಳದರ್ಜೆಯ ಲೈಸೆನ್ಸ್ ಇದ್ದವರು ಮೇಲಿನ ದರ್ಜೆಗೆ ಹೋಗಬೇಕಾದರೆ ಚುಕ್ಕೆ ಗೆರೆಗಳನ್ನು ಇನ್ನೂ ವೇಗವಾಗಿ ಹಿಡಿಯಬೇಕು, ಕಳಿಸಬೇಕು. ಅಪ್ಪ ಮೊದಲು ಹಾಜರಿ ಕರೆಯುತ್ತಿದ್ದರು. ಪ್ರತಿಯೊಬ್ಬರ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಕ್ಕ ಗುರುತಿನ ಅಕ್ಷರಗಳನ್ನು, ಕಳಿಸಿ ಕಾಯುವುದು, ಅವರು ಉತ್ತರ ಕೊಟ್ಟ ಮೇಲೆ ಮುಂದಿನವರನ್ನು ಕರೆಯುವುದು. ಆಮೇಲೆ ಒಂದು ಪುಟ ಪಾಠ ಕಳಿಸಿ, ಅವರಿಂದ ತಿರುಗಿ ಕಳಿಸಿಕೊಂಡು, ತಪ್ಪು ಹೇಳುವುದು. ದಿನವೂ ಬರುವವರು ಆರು ಜನ. ಕುಮಟಾದ ಒಬ್ಬ ಬ್ಯಾಂಕ್ ನೌಕರರು, ದೂರದ ಊರುಗಳ ನಾಲ್ವರು, ಮತ್ತೆ ಭಟ್ಕಳದ ಸಾಹೇಬರು. ಸಾಹೇಬರು ಕಲಿಯುವವರಲ್ಲ, ಅಪ್ಪನಷ್ಟೇ ಹಳಬರು. ದುಬೈಯಲ್ಲಿ ದುಡಿದು ಬಂದು ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಅಪ್ಪನ ಸಂಗಡ ಇರಲಿ ಎಂದು ಬರುತ್ತಿದ್ದರು.

ಅಪ್ಪನ ಕಿವಿ ಹೋಗುತ್ತಿರುವುದು ನನಗೆ ತಿಳಿದದ್ದು ರಿಸೀವರಿನಿಂದ. ಚುಕ್ಕೆ ಗೆರೆಯ ದನಿ ಎಷ್ಟು ಸಣ್ಣಗೆ ಅಥವಾ ದಪ್ಪಗೆ ಕೇಳಬೇಕು ಎಂಬುದನ್ನು ಒಂದು ಗುಂಡಿಯಿಂದ ಬದಲಿಸಬಹುದು. ನಾನು ಚಿಕ್ಕವಳಿದ್ದಾಗ ಅದು ಸೊಳ್ಳೆಯ ಹಾಗೆ ಕೇಳುತ್ತಿತ್ತು. ಪಿಯುಸಿ ಹೊತ್ತಿಗೆ ಜೇನುನೊಣದ ಹಾಗೆ. ಡಿಗ್ರಿಗೆ ಸೇರಿದ ವರ್ಷ ದುಂಬಿಯ ಹಾಗೆ. ಆ ವರ್ಷ ವಾಲ್ಯೂಮನ್ನೂ ಕೊನೆಯವರೆಗೆ ತಿರುಗಿಸಿಟ್ಟರು. ಪಕ್ಕದ ಮನೆಯ ಅಕ್ಕ ಬೇಲಿಯ ಬಳಿ ನಿಂತು, "ಮಾಸ್ಟ್ರೇ, ಟಿವಿ ಮೇಲೆ ನಿಮ್ಮ ಗೆರೆ ಬರೂದು ಸಾಲ್ದಾ? ಈಗ ಮನೆಯೊಳಗೂ ನಿಮ್ಮ ದುಂಬಿಯಾ?" ಎಂದು ಕೂಗುತ್ತಿದ್ದಳು. ಅಪ್ಪ ಅವಳತ್ತ ನೋಡಿ ಕೈ ಮುಗಿಯುತ್ತಿದ್ದರು.

ಒಂದು ದಿನ ಅವರು ಸ್ಪೀಕರಿನ ಮುಂದಿನ ಬಟ್ಟೆಯನ್ನು ಕತ್ತರಿಸಿ ತೆಗೆದರು. ಮಾರನೇ ದಿನದಿಂದ ಬಲಗೈಯಲ್ಲಿ ಪೆನ್ಸಿಲ್ ಹಿಡಿದು, ಎಡಗೈಯ ಎರಡು ಬೆರಳನ್ನು ಸ್ಪೀಕರಿನ ಕಪ್ಪು ಕಾಗದದ ಮೇಲೆ ಊರಿ ಕೂರತೊಡಗಿದರು. ಕಾಗದ ನಡುಗಿದ್ದನ್ನು ಬೆರಳು ಓದುತ್ತಿತ್ತು. ನಾನು ಪಕ್ಕದಲ್ಲಿ ಕಿವಿಯಿಂದ ಕೇಳಿ ಬರೆದದ್ದನ್ನೂ ಅವರು ಬೆರಳಿನಿಂದ ಬರೆದದ್ದನ್ನೂ ಹೋಲಿಸಿ ನೋಡಿದೆ. ಒಂದಕ್ಷರ ವ್ಯತ್ಯಾಸ ಇರಲಿಲ್ಲ. ಆ ದಿನದ ಪುಟದಲ್ಲಿ 'ಸರಿ ಇದೆ' ಎಂದು ಬರೆದಿದ್ದೇನೆ.

ಅಪ್ಪನಿಗೆ ಕಿವುಡು ಎಂಬುದು ಗುಟ್ಟೇನೂ ಅಲ್ಲ. ಮೀನು ತರುವವಳಿಗೂ ಗೊತ್ತು, ಬಸ್ ಕಂಡಕ್ಟರಿಗೂ ಗೊತ್ತು. "ಊರಿಗೆಲ್ಲ ಗೊತ್ತು, ಆ ಆಕಾಶಕ್ಕೆ ಮಾತ್ರ ಗೊತ್ತಿಲ್ಲ ನೋಡು," ಎನ್ನುತ್ತಿದ್ದಳು ಅಮ್ಮ. ಅದು ನಿಜ. ಏಳು ಗಂಟೆಯ ಆರು ಜನರಿಗೆ ಅಪ್ಪ ಹೇಳಿರಲಿಲ್ಲ. ತಪ್ಪು ತಿದ್ದುವವನಿಗೆ ಕಿವಿ ಕೇಳದು ಎಂದು ತಿಳಿದರೆ ಅವರು ಮರ್ಯಾದೆಗಾಗಿ ನಾಲ್ಕು ದಿನ ಬಂದು ಆಮೇಲೆ ಬಿಡುತ್ತಾರೆ. ಇದು ಅವರು ಒಮ್ಮೆ ನನ್ನೊಡನೆ ಹೇಳಿದ ಮಾತು. ಶಾಲೆ ಬಿಟ್ಟ ಮೇಲೆ ಅವರಿಗೆ ಉಳಿದದ್ದು ಆ ಅರ್ಧ ಗಂಟೆ ಒಂದೇ. ನಾನು ಯಾರಿಗೂ ಹೇಳಲಿಲ್ಲ. ಹೇಳಲು ನನಗೆ ಲೈಸೆನ್ಸೂ ಇರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಬೇಸಿಗೆ ಅದು. ನನ್ನ ಡಿಗ್ರಿಯ ಕೊನೆಯ ಪರೀಕ್ಷೆ ಕುಮಟಾದಲ್ಲಿ. ದಿನಾ ಓಡಾಡುವುದು ಬೇಡವೆಂದು ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಎರಡು ವಾರ ಮನೆಯಲ್ಲಿರಲಿಲ್ಲ. ಫೋನು ಮಾಡಿದರೆ ಅಮ್ಮನೇ ಎತ್ತುತ್ತಿದ್ದಳು. ಅಪ್ಪ ಹೇಗಿದ್ದಾರೆ ಎಂದರೆ, "ಆರಾಮ ಇದ್ದಾರೆ. ಈಗ ಸದ್ದೂ ಇಲ್ಲ. ನಾ ಇಷ್ಟು ದಿನ ಹೇಳಿದ್ದು ಕಡಿಗೂ ಕಿವಿಗೆ ಬಿತ್ತು ಕಾಣ್ತದೆ. ವಾಲ್ಯೂಮು ಸಣ್ಣ ಮಾಡ್ಕಂಡಾರೆ," ಎಂದಳು. ನಾನು ಪರೀಕ್ಷೆಯ ತಲೆಯಲ್ಲಿದ್ದೆ. ಹೌದಾ ಎಂದೆ.

ಶನಿವಾರ ಸಂಜೆ ಮನೆಗೆ ಬಂದೆ. ಊಟ ಮಾಡುವಾಗ ಅಪ್ಪ, "ಬ್ಯಾಂಡ್ ಪೂರ್ತಿ ಸತ್ತಿದೆ," ಎಂದರು. ಅವರು ಮಾತಾಡುವಾಗ ದನಿ ತುಸು ಜೋರಾಗಿರುತ್ತಿತ್ತು. "ಈ ವರ್ಷ ಸೂರ್ಯನ ಮೇಲೆ ಕಲೆ ಹೆಚ್ಚು. ಎರಡು ವಾರದಿಂದ ಒಂದೂ ಸ್ಟೇಷನ್ ಇಲ್ಲ. ಪಾಠ ಮಾತ್ರ ಕಳಿಸ್ತಾ ಇದ್ದೇನೆ, ಯಾರಿಗಾದ್ರೂ ಕೇಳಿದ್ರೆ ಕೇಳ್ಲಿ ಅಂತ."

ಹಾಗೆ ಆಗುವುದುಂಟು. ಸೂರ್ಯನಿಂದಾಗಿ ಅಲೆಗಳು ದಾಟದೆ ರೇಡಿಯೋ ಬ್ಯಾಂಡ್ ಸತ್ತುಹೋಗುವುದನ್ನು ನಾನೂ ಕೇಳಿದ್ದೆ. ಆದರೆ ಅದು ಹೆಚ್ಚೆಂದರೆ ಗಂಟೆ ಎರಡು ಗಂಟೆಯ ಮಾತು. ಬೆಳಿಗ್ಗೆ ನೋಡಿದರಾಯಿತು ಎಂದು ಮಲಗಿದೆ. ಬೆಳಿಗ್ಗೆ ಏಳುವುದು ತಡವಾಯಿತು. ನಾನು ಮುಖ ತೊಳೆದು ಬರುವಷ್ಟರಲ್ಲಿ ಅಪ್ಪ ಮೇಜಿನಿಂದ ಎದ್ದಾಗಿತ್ತು, ಮತ್ತು ಭಟ್ಕಳದ ಮೊದಲ ಬಸ್ಸಿಗೆ ಬಂದ ಸಾಹೇಬರು ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದರು.

ಎರಡು ವರ್ಷದ ಮೇಲೆ ಅವರು ನಮ್ಮ ಮನೆಗೆ ಬಂದದ್ದು. ಕೈಯಲ್ಲಿ ಒಂದು ಚೀಲ. ಒಳಗೆ ಬಂದವರೇ, "ಎಂತ ಮಾಸ್ಟ್ರೇ, ನಮ್ಮ ಮೇಲೆ ಸಿಟ್ಟಾ?" ಎಂದರು.

ಅಪ್ಪ ನಕ್ಕು, ಕೈ ಹಿಡಿದು ಕೂರಿಸಿದರು.

"ಅಲ್ಲ, ನಾವು ಆರು ಜನ ಕರೆದದ್ದೇ ಕರೆದದ್ದು. ನೀವು 'ಯಾರೂ ಇಲ್ಲ, ಯಾರೂ ಇಲ್ಲ' ಅಂತೀರಿ. ನಾ ನಿಮ್ಮ ಕಾಲ್‌ಸೈನ್ ಕೊಡ್ತಾನೇ ಇದ್ದೇನೆ, ನೀವು ನನ್ನ ಮೇಲೇ ಪಾಠ ಹೊಡೀತೀರಿ. ಕುಮಟಾದವರು ಕೇಳ್ತಾರೆ, ನನ್ನಿಂದ ಏನಾದ್ರೂ ತಪ್ಪಾಯ್ತಾ ಸಾಹೇಬ್ರೇ ಅಂತ."

ಅಪ್ಪ ಅವರ ತುಟಿಗಳನ್ನು ನೋಡುತ್ತಿದ್ದರು. ಸಾಹೇಬರಿಗೆ ದಟ್ಟ ಗಡ್ಡ. ಅದರಲ್ಲಿ ತುಟಿ ಓದುವುದು ಕಷ್ಟ. ಅಪ್ಪ ನನ್ನತ್ತ ತಿರುಗಿದರು. ಅಮ್ಮ ಒಳಗಿನಿಂದ ಚಾ ತಂದವಳು, "ಜೋರು ಹೇಳಿದ್ರೂ ಆಗೂದಿಲ್ಲ ಸಾಹೇಬ್ರೇ. ಅವ್ರಿಗೆ ಕಿವಿ ಕೇಳೂದಿಲ್ಲ. ವರ್ಷದ ಮೇಲಾತು," ಎಂದಳು. ಉಪ್ಪು ಮುಗಿದಿದೆ ಎನ್ನುವ ದನಿಯಲ್ಲೇ ಹೇಳಿದಳು.

ಸಾಹೇಬರು ಚಾ ಲೋಟ ಕೆಳಗಿಟ್ಟು, ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ಅದರಿಂದ ಮೇಜನ್ನು ಚುಕ್ಕೆ ಗೆರೆಯಲ್ಲಿ ಬಡಿಯತೊಡಗಿದರು. ಅಪ್ಪ ಅಂಗೈಯನ್ನು ಮೇಜಿನ ಹಲಗೆಯ ಮೇಲೆ ಚಪ್ಪಟೆಯಾಗಿ ಇಟ್ಟರು. ಸಾಹೇಬರು ಬಡಿದದ್ದು, 'ಯಾವಾಗಿನಿಂದ?' ಅಪ್ಪ ಉಗುರಿನಿಂದ ಬಡಿದ ಉತ್ತರ, 'ಮೆಲ್ಲಗೆ, ಮೆಲ್ಲಗೆ.' ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆ ನಡುಗುತ್ತಿತ್ತು. ಅಮ್ಮ ಅದನ್ನು ಎತ್ತಿ ಬದಿಗಿಟ್ಟಳು. ಇಬ್ಬರೂ ಬಹಳ ಹೊತ್ತು ಹಾಗೇ ಮಾತಾಡಿದರು. ಅಪ್ಪ ಮನುಷ್ಯರೊಡನೆ ಅಷ್ಟು ಸಲೀಸಾಗಿ ಮಾತಾಡಿದ್ದು ಆ ವರ್ಷ ಅದೇ ಮೊದಲು.

'ನೀವು ಉತ್ತರ ಕೊಟ್ಟಿರಾ? ದಿನಾ?' ಎಂದು ಅಪ್ಪ ಕೇಳಿದರು.

'ದಿನಾ. ಆರೂ ಜನ.'

ಆಮೇಲೆ ರಿಸೀವರಿನ ಬಳಿ ಹೋದೆವು. ಹಾಕಿದರೆ ಹಳದಿ ದೀಪ ಹತ್ತಿತು, ವಾಲ್ವ್ ಬಿಸಿಯಾಯಿತು, ಆದರೆ ಗಾಳಿಯ ಸದ್ದೂ ಬರಲಿಲ್ಲ. ಆ ಸಣ್ಣ ಸದ್ದು ಬೆರಳಿಗೆ ತಿಳಿಯುವಂಥದಲ್ಲ, ಹಾಗಾಗಿ ಅಪ್ಪನಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ಸಿಗ್ನಲ್ ತೋರಿಸುವ ಮುಳ್ಳು ಆ ರಿಸೀವರಿಗೆ ಇರಲಿಲ್ಲ. ಸಾಹೇಬರು ಸ್ಪೀಕರಿನ ಪೆಟ್ಟಿಗೆಯನ್ನು ಬೆಳಕಿಗೆ ತಿರುಗಿಸಿದರು. ಕಪ್ಪು ಕಾಗದದಲ್ಲಿ ಎರಡು ಬೆರಳಿನಷ್ಟಗಲ ಗುಳಿ ಬಿದ್ದಿತ್ತು. ಅಲ್ಲಿ ಕಾಗದ ಮೆತ್ತಗಾಗಿ ಎಣ್ಣೆ ಹೊಳಪು ಬಂದಿತ್ತು. ಅದರ ಪಕ್ಕದಲ್ಲೇ ಕಾಗದಕ್ಕೆ ಅಂಟಿಕೊಂಡು ಬರುವ ಕೂದಲಿನಂಥ ತಂತಿ, ದಿನವೂ ಒತ್ತಿ ಒತ್ತಿ ತುಂಡಾಗಿತ್ತು.

"ತಂಗಿ, ಇಲ್ಲಿ ಬೆರಳಿಡ್ತಿದ್ರಾ ಇವ್ರು?" ಎಂದು ಸಾಹೇಬರು ಕೇಳಿದರು.

"ಹೌದು."

"ಓದ್ತಿದ್ರು? ಪೂರ್ತಿ?"

"ಪೂರ್ತಿ."

ಅವರು ತಮ್ಮ ಎರಡು ಬೆರಳನ್ನು ಆ ಗುಳಿಯಲ್ಲಿಟ್ಟು ನೋಡಿದರು. ಆಮೇಲೆ ಚೀಲದಿಂದ ತಾವು ತಂದಿದ್ದನ್ನು ತೆಗೆದರು. ದುಬೈಯಿಂದ ಬಂದ ಹೊಸ ಸೆಟ್ಟು, ಟಿಫಿನ್ ಡಬ್ಬಿಯಷ್ಟೇ ದೊಡ್ಡದು, ರಿಸೀವರ್ ಟ್ರಾನ್ಸ್‌ಮಿಟರ್ ಎರಡೂ ಅದರಲ್ಲೇ. ಅಪ್ಪನ ರಿಸೀವರಿಗೆ ವಯಸ್ಸಾಗಿದೆ, ಅದಕ್ಕೇ ಕೇಳುತ್ತಿಲ್ಲ ಎಂದು ಭಾವಿಸಿ ಅದನ್ನು ಕೊಡಲೆಂದು ತಂದಿದ್ದರು. ಅಪ್ಪ ಅದರ ಸ್ಪೀಕರಿನ ಮೇಲೆ ಬೆರಳಿಟ್ಟರು. ಅದು ಎರಡು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಿತ್ತು, ಮೇಲೆ ಗಟ್ಟಿ ಜಾಲರಿ. ಬೆರಳು ತೆಗೆದು ತಲೆಯಾಡಿಸಿದರು. ಸಾಹೇಬರು ಅದನ್ನು ಮತ್ತೆ ಚೀಲಕ್ಕೆ ಹಾಕಿದರು.

ತುಂಡಾದ ತಂತಿಗೆ ನಾನೇ ಬೆಸುಗೆ ಹಾಕಿದೆ. ಹಾಕಿದ ಕೂಡಲೇ ಗಾಳಿಯ ಸದ್ದು, ಗುಂಡಿ ತಿರುಗಿಸಿದಾಗ ಯಾವುದೋ ಸ್ಟೇಷನ್ನಿನ ಚುಕ್ಕೆ ಗೆರೆ ಬಂತು. ಅಪ್ಪ ಬೆರಳಿಟ್ಟು, "ಬಂತು," ಎಂದರು. ಇಷ್ಟಕ್ಕೇ ಎಲ್ಲ ಸರಿಹೋಯಿತೆಂದು ನಾನು ಅಂದುಕೊಂಡೆ.

ಸಾಹೇಬರು ಊಟ ಮುಗಿಸಿ ಹೊರಡುವ ಮೊದಲು ಅಪ್ಪ ಮತ್ತೆ ಮೇಜು ಬಡಿದು ಕೇಳಿದರು. ಈ ಎರಡು ವಾರ ಪಾಠಕ್ಕೆ ಬಂದವರು ತಿರುಗಿ ಕಳಿಸಿದ್ದನ್ನು ಯಾರು ತಿದ್ದಿದರು? ಸಾಹೇಬರು ಬೀಗದ ಕೈಯನ್ನು ಸುಮ್ಮನೆ ತಿರುಗಿಸುತ್ತ ಕೂತರು. ಅಪ್ಪ ಕಾದರು. ಕೊನೆಗೆ ಸಾಹೇಬರು ಬಡಿದರು. 'ನೀವು ಮುಗಿಸಿ ಹೋದ ಮೇಲೆ ನಾನು ತಿದ್ದುತ್ತಿದ್ದೆ. ಕುಮಟಾದವರಿಗೆ ಪರೀಕ್ಷೆ ಹತ್ತಿರ ಇದೆ. ನಿಲ್ಲಿಸಬಾರದು ಅಂತ.'

ಅಪ್ಪ ಅಂಗೈಯನ್ನು ಹಲಗೆಯಿಂದ ತೆಗೆದರು. ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಸಾಹೇಬರು ಇನ್ನೂ ಏನೋ ಬಡಿಯುತ್ತಿದ್ದರು. 'ತಂಗಿ ಕೇಳಲಿ. ನಿಮ್ಮ ಮಣಿಕಟ್ಟಿಗೆ ಬಡಿದು ಹೇಳಲಿ. ಯಾರಿಗೂ ತಿಳಿಯದು. ನಾನೂ ಹೇಳುವುದಿಲ್ಲ.' ಅದು ನನಗೆ ಮಾತ್ರ ಕೇಳಿಸಿತು. ಅವರನ್ನು ಬಸ್ಸಿಗೆ ಬಿಡಲು ಹೋದಾಗ, "ಹೇಳಿ ನೋಡು ತಂಗಿ. ಅವ್ರು ಒಪ್ಪಿದ್ರೆ ನನಗೂ ಸಮಾಧಾನ," ಎಂದರು.

ಸಂಜೆ ಅಪ್ಪನ ಮಣಿಕಟ್ಟು ಹಿಡಿದು ಸಾಹೇಬರ ಮಾತನ್ನು ಬೆರಳಿನಿಂದ ಬಡಿದು ಹೇಳಿದೆ. ಅವರು ಪೂರ್ತಿ ಓದಿದರು. "ನಿನ್ನ ಗೆರೆ ಗಿಡ್ಡ ಆಗ್ತದೆ," ಎಂದು ತಿದ್ದಿದರು. ಆಮೇಲೆ, "ಅದಾಗೂದಿಲ್ಲ," ಎಂದರು. ಯಾಕೆ ಎಂದು ಬಡಿದೆ.

"ತಂತಿ ತುಂಡಾದದ್ದು ತೊಂದರೆ ಅಲ್ಲ. ತಂತಿ ಯಾರದ್ದಾದ್ರೂ ತುಂಡಾಗ್ತದೆ. ಬ್ಯಾಂಡ್ ಸತ್ತದ್ದೋ ನನಗೇ ಕೇಳದ್ದೋ ಅಂತ ನನಗೆ ಗೊತ್ತಾಗ್ಲಿಲ್ಲ. ಅವ್ರು ಮಾತಾಡ್ತಾ ಇದ್ರು, ನಾ ಅವ್ರ ಮೇಲೆ ಕೀ ಒತ್ತಿದೆ. ದಿನಾ. ನಾಳೆ ಮತ್ತೆ ಆದ್ರೆ ನಾಳೆಯೂ ಗೊತ್ತಾಗೂದಿಲ್ಲ." ನನ್ನ ಕೈಯಿಂದ ಮಣಿಕಟ್ಟು ಬಿಡಿಸಿಕೊಂಡು, "ನೀನು ಎಷ್ಟು ದಿನ ಇಲ್ಲಿ ಕೂರ್ತಿ?" ಎಂದರು.

ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ದೀಪ ಹಚ್ಚಲು ಒಳಗೆ ಹೋದಳು. ಆ ದಿನದ ಪುಟದಲ್ಲಿ ನಾನು ಬರೆದದ್ದು ಇಷ್ಟೇ. ಬೆಸುಗೆ ಹಾಕಿದ್ದು. ಸಾಹೇಬರು ಬಂದದ್ದು. ಮಳೆ ಇಲ್ಲ.

ಸೋಮವಾರ ಏಳಕ್ಕೆ ಅಪ್ಪ ಎಂದಿನಂತೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಕೂತರು. ನಾನು ಪಕ್ಕದಲ್ಲಿ ಕೂತೆ. ಹಾಜರಿ ಕರೆದರು. ಬೆರಳು ಸ್ಪೀಕರಿನ ಮೇಲಿತ್ತು. ಆರು ಜನರೂ ಬಂದರು. ಕುಮಟಾದವರು ತಮ್ಮ ಕಾಲ್‌ಸೈನ್ ಜೊತೆಗೆ 'ಸಂತೋಷ' ಎಂದೂ ಕಳಿಸಿದರು. ಅಪ್ಪ ಪಾಠ ಕಳಿಸಿ, ಅವರು ತಿರುಗಿ ಕಳಿಸಿದ್ದರಲ್ಲಿ ಎರಡು ತಪ್ಪು ಹಿಡಿದರು. ನನಗೆ ಅದರಲ್ಲಿ ಒಂದು ಗೊತ್ತೇ ಆಗಿರಲಿಲ್ಲ. ಎಲ್ಲ ಮುಗಿಸಿ, ಸಲಾಮು ಹೇಳುವ ಜಾಗದಲ್ಲಿ ಅಪ್ಪ ಬೇರೆಯದನ್ನು ಕಳಿಸಿದರು. ನಿಧಾನವಾಗಿ, ಹೊಸಬರಿಗೆ ಕಳಿಸುವ ವೇಗದಲ್ಲಿ. 'ನನಗೆ ಕಿವಿ ಕೇಳುವುದಿಲ್ಲ. ಒಂದು ವರ್ಷ ದಾಟಿದೆ. ಈ ಎರಡು ವಾರ ನೀವು ಕರೆದದ್ದು ನನಗೆ ತಿಳಿಯಲಿಲ್ಲ. ನಾಳೆಯಿಂದ ಭಟ್ಕಳದವರು ಹಾಜರಿ ಕರೆಯುತ್ತಾರೆ, ಪಾಠವೂ ಅವರದೇ.'

ಸ್ವಿಚ್ಚು ತಿರುಗಿಸಿ ರಿಸೀವರಿಗೆ ಬಿಟ್ಟರು. ಈ ಸಲ ಬೆರಳನ್ನು ಸ್ಪೀಕರಿನ ಮೇಲೆ ಇಡಲಿಲ್ಲ.

ಎಲ್ಲರೂ ಒಟ್ಟಿಗೇ ಕಳಿಸತೊಡಗಿದರು. ಒಬ್ಬರ ಮೇಲೊಬ್ಬರು. ಯಾರದ್ದೂ ಪೂರ್ತಿ ತಿಳಿಯುತ್ತಿರಲಿಲ್ಲ. ನಾನು ಅಪ್ಪನ ಮಣಿಕಟ್ಟಿಗೆ ಕೈ ಚಾಚಿದೆ. ಅಪ್ಪ ಮೊದಲು ಟ್ರಾನ್ಸ್‌ಮಿಟರಿನ ಆರುನೂರು ವೋಲ್ಟ್ ಆರಿಸಿದರು, ಆಮೇಲೆ ವಾಲ್ವಿನ ದೀಪ ಆರಿಸಿದರು. ಅದೇ ಕ್ರಮದಲ್ಲಿ ಆರಿಸಬೇಕು. ನನ್ನ ಕೈಯನ್ನು ಹಿಡಿದು ಮೇಜಿನ ಮೇಲೆ ವಾಪಸು ಇಟ್ಟು, "ಬರೀತಾ ಕೂರ್ಬೇಡ. ದೋಸೆ ಆರ್ತದೆ," ಎಂದು ಎದ್ದರು.

ಆ ಆರು ಜನ ಕಳಿಸುತ್ತಲೇ ಇದ್ದರು. ನಾನು ದೋಸೆ ತಿಂದು ಬಂದು ರಿಸೀವರ್ ಆರಿಸಿದೆ. ಆಗಲೂ ಒಬ್ಬರು ಕಳಿಸುತ್ತಿದ್ದರು.

ಮಂಗಳವಾರ ಏಳಕ್ಕೆ ರಿಸೀವರ್ ಹಾಕಿದ್ದು ನಾನು. ಅಪ್ಪ ಹಿತ್ತಲಲ್ಲಿ ಬಸಳೆ ಚಪ್ಪರಕ್ಕೆ ಗೂಟ ಹುಗಿಯುತ್ತಿದ್ದರು. ಸಾಹೇಬರು ಹಾಜರಿ ಶುರು ಮಾಡಿದರು. ಮೊದಲು ಕರೆದದ್ದು ಅಪ್ಪನ ಕಾಲ್‌ಸೈನ್. ಕರೆದು ಕಾದರು. ಎರಡನೇ ಸಲ ಕರೆದರು. ಕೀ ನನ್ನ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು, ಟ್ರಾನ್ಸ್‌ಮಿಟರ್ ತಣ್ಣಗಿತ್ತು. ನಾನು ಹಿತ್ತಲಿಗೆ ಹೋಗಿ ಅಪ್ಪನ ಎದುರು ನಿಂತು, ಮನೆಯ ಕಡೆ ಕೈ ತೋರಿಸಿ, ಕರೆಯುತ್ತಿದ್ದಾರೆ ಎಂದು ಅವರ ಹೆಗಲಿಗೆ ಬಡಿದೆ.

ಅವರು ಗೂಟವನ್ನು ಕಾಲಿನಿಂದ ಒತ್ತಿ ಗಟ್ಟಿ ಮಾಡಿದರು.

"ಮೂರು ಸಲ ಕರೀತಾರೆ. ಉತ್ತರ ಬರ್ಲಿಲ್ಲ ಅಂದ್ರೆ ಮುಂದಿನವರಿಗೆ ಹೋಗ್ತಾರೆ," ಎಂದರು. "ಹಾಗೇ ಮಾಡ್ಬೇಕು. ನಾನೇ ಕಲಿಸಿದ್ದು."

ನಾನು ಒಳಗೆ ಬರುವಷ್ಟರಲ್ಲಿ ಕುಮಟಾದವರು ಉತ್ತರ ಕೊಡುತ್ತಿದ್ದರು.